‘ವಯಸ್ಸಾಯ್ತಲ್ಲ ಸಿಸ್ಟರ್’

ವಾರ್ಡಿನಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು "ಡ್ರಿಪ್ ಮುಗೀತು ಸಿಸ್ಟರ್" ಅಲ್ಲ, "ವಯಸ್ಸಾಯ್ತಲ್ಲ ಸಿಸ್ಟರ್". ಅಜ್ಜ ಊಟ ಬಿಟ್ಟರೆ ವಯಸ್ಸಾಯ್ತು. ಅಜ್ಜಿ ಹಾಸಿಗೆ ಒದ್ದೆ ಮಾಡಿಕೊಂಡರೆ ವಯಸ್ಸಾಯ್ತು. ಎರಡು ದಿನದಿಂದ ಕಣ್ಣೇ ಬಿಡುತ್ತಿಲ್ಲ ಅಂದರೂ ಅದೇ. ಮನೆಯವರು ಮಾತ್ರ ಹೇಳಿದ್ದರೆ ಈ ಪೋಸ್ಟ್ ಬರೆಯುತ್ತಿರಲಿಲ್ಲ. ಡ್ಯೂಟಿ ಬದಲಾಗುವಾಗ ಪೇಷಂಟುಗಳ ವಿಷಯ ಒಪ್ಪಿಸುವ ಹ್ಯಾಂಡೋವರ್ ಹೊತ್ತಿನಲ್ಲಿ ನಾವು ನರ್ಸುಗಳೂ ಇದನ್ನೇ ಹೇಳಿ ಮುಂದಿನ ಬೆಡ್ಡಿಗೆ ಹೋಗುತ್ತೇವೆ. ಹೆಸರು ಹೇಳಲಾರದ ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿನಲ್ಲಿ ನಾನೇ ಹಾಗೆ ಮಾಡಿದ ಕಥೆ ಇದು.

ಸಂಜೆ ಅಡ್ಮಿಶನ್ ಆದ ಅಜ್ಜಿಗೆ 82. ಕೇಸ್ ಶೀಟಿನಲ್ಲಿ 'ಪ್ರಜ್ಞೆ ಇದೆ, ಜಾಗ-ಕಾಲದ ಅರಿವಿದೆ' ಅನ್ನುವ ಕಡೆ ಟಿಕ್ ಹಾಕಬೇಕು. "ಅಜ್ಜೀ, ಊಟ ಆಯ್ತಾ?" ಅಂದೆ. "ಹ್ಞೂಂ" ಅಂದರು. ಆ ಒಂದು ಹ್ಞೂಂ ನಂಬಿ ಟಿಕ್ ಹಾಕಿದೆ. ಪಕ್ಕದ ಬೆಡ್ಡಿನ ತಾತ ಕೈಗೆ ಹಾಕಿದ್ದ ಡ್ರಿಪ್ಪಿನ ಕ್ಯಾನುಲಾ ಕಿತ್ತುಕೊಂಡು ಕೂಗಾಡುತ್ತಿದ್ದರು, ಎಲ್ಲರ ಗಮನ ಅವರ ಮೇಲೆ. ಗಲಾಟೆ ಮಾಡುವ ಪೇಷಂಟಿಗೆ ಡಾಕ್ಟರು ಓಡಿ ಬರುತ್ತಾರೆ. ಸುಮ್ಮನೆ ಮಲಗಿರುವವರನ್ನು 'ಪಾಪ, ಒಳ್ಳೆ ಪೇಷಂಟ್' ಅಂತ ಬಿಟ್ಟುಬಿಡುತ್ತೇವೆ.

ರಾತ್ರಿ ಹನ್ನೊಂದಕ್ಕೆ ಬಿಪಿ ನೋಡಲು ಹೋದಾಗ ಅಜ್ಜಿಯ ಬೆರಳು ಕಣ್ಣಿಗೆ ಬಿತ್ತು. ಕಣ್ಣು ಅರ್ಧ ಮುಚ್ಚಿದೆ, ಬೆರಳು ಮಾತ್ರ ಹೊದಿಕೆ ಮೇಲೆ ಏನನ್ನೋ ಹೆಕ್ಕುತ್ತಿದೆ, ಮೊರದಲ್ಲಿ ಅಕ್ಕಿಯ ಕಲ್ಲು ಆರಿಸಿದ ಹಾಗೆ. ಇದು ಡೆಲಿರಿಯಂ, ಅಂದರೆ ದಿಢೀರನೆ ಬುದ್ಧಿ ಗಲಿಬಿಲಿಯಾಗುವ ಸ್ಥಿತಿ, ಇರಬಹುದು ಅಂತ ಆಗ ಹೊಳೆಯಿತು. ಅರಳುಮರಳು ಅನ್ನುತ್ತೇವಲ್ಲ, ಅದು ವರ್ಷಗಟ್ಟಲೆ ನಿಧಾನವಾಗಿ ಬರುವಂಥದ್ದು. ಡೆಲಿರಿಯಂ ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ಬರುತ್ತದೆ. ಬೆಳಿಗ್ಗೆ ಪರವಾಗಿಲ್ಲ ಅನ್ನಿಸಿ ಸಂಜೆಗೆ ಕೆಡುತ್ತದೆ. ಕೂಗಾಡುವುದೂ ಡೆಲಿರಿಯಮ್ಮೇ, ಮಂಕಾಗಿ ಬಿದ್ದಿರುವುದೂ ಡೆಲಿರಿಯಮ್ಮೇ. ದೇಹದಲ್ಲಿ ಬೇರೆಲ್ಲೋ ಏನೋ ಕೆಟ್ಟಿದೆ ಅಂತ ಅದರ ಅರ್ಥ: ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ನೀರು ಸಾಲದಿರುವುದು, ಮಲಬದ್ಧತೆ, ಹೊಸ ಮಾತ್ರೆ. ವಯಸ್ಸಾದವರಿಗೆ ನ್ಯುಮೋನಿಯಾ ಆದರೂ ಜ್ವರ ಬರದಿರಬಹುದು, ಹಾರ್ಟ್ ಅಟ್ಯಾಕ್ ಆದರೂ ಎದೆನೋವು ಕಾಣದೆ ಬರೀ ಸುಸ್ತಿರಬಹುದು. ಮಂಕು ಕವಿಯುವುದೇ ಕೆಲವೊಮ್ಮೆ ಮೊದಲ ಸುಳಿವು.

ಮಗನನ್ನು ಕೇಳಿದೆ, "ಹೋದ ವಾರ ಅಮ್ಮ ಹೇಗಿದ್ರು?" ಅವರು ಅವತ್ತೇ ಬೆಂಗಳೂರಿನಿಂದ ಬಂದವರು. "ವಯಸ್ಸಾಯ್ತಲ್ಲ ಸಿಸ್ಟರ್" ಅಂದರು. ಹಿಂದೆ ಫ್ಲಾಸ್ಕ್ ಹಿಡಿದು ನಿಂತಿದ್ದ ಊರಿನ ಸೊಸೆ ಮೆಲ್ಲಗೆ, "ಸೋಮವಾರದ ತನಕ ಅತ್ತೆ ತಾವೇ ಹಂಡೆಗೆ ಉರಿ ಹಾಕಿ ನೀರು ಕಾಯಿಸ್ತಿದ್ರು ಸಿಸ್ಟರ್. ಶೀತ ಅಂತ ಮೆಡಿಕಲ್ ಶಾಪಿನ ಮಾತ್ರೆ ಕೊಟ್ವಿ. ಬುಧವಾರದಿಂದ ಹಿಂಗೆ" ಅಂದರು. ಕಕ್ಕಸಿಗೆ ಹೋಗಿದ್ದು? "ಐದು ದಿನ ಆಯ್ತೇನೋ." ಅಡ್ಮಿಶನ್ ಫಾರಂಗೆ ಸಹಿ ಹಾಕಿದ್ದು ಮಗ. ವಿಷಯ ಗೊತ್ತಿದ್ದದ್ದು ಸೊಸೆಗೆ. ಆಕೆಯನ್ನು ಅಲ್ಲಿಯವರೆಗೆ ಯಾರೂ ಏನೂ ಕೇಳಿರಲಿಲ್ಲ, ನಾನೂ ಸೇರಿ.

ಡೈಪರ್ ಒದ್ದೆ ಇತ್ತು. 'ಯೂರಿನ್ ಹೋಗ್ತಿದೆ' ಅಂತ ಚಾರ್ಟಿನಲ್ಲೂ ಇತ್ತು. ಆದರೂ ಹೊಕ್ಕುಳ ಕೆಳಗೆ ಕೈಯಿಟ್ಟು ನೋಡಿದೆ. ಒಳಗೆ ತೆಂಗಿನಕಾಯಿ ಇಟ್ಟ ಹಾಗೆ ಗಟ್ಟಿ. ಸ್ವಲ್ಪ ಒತ್ತಿದ್ದಕ್ಕೆ ಮುಖ ಹಿಂಡಿದರು. ಡ್ಯೂಟಿ ಡಾಕ್ಟರಿಗೆ ಹೇಳಿ ಮೂತ್ರದ ನಳಿಕೆ, ಅಂದರೆ ಕ್ಯಾತಿಟರ್ ಹಾಕಿದಾಗ ಬಂದದ್ದು 900 ಎಂಎಲ್. ತುಂಬಿದ ಕೊಡ ತುಳುಕಿದ ಹಾಗೆ ಮೂತ್ರ ಹೊರಗೆ ಸೋರುತ್ತಿತ್ತೇ ಹೊರತು ಖಾಲಿಯಾಗುತ್ತಿರಲಿಲ್ಲ. ಡೈಪರ್ ಅದನ್ನು ಮುಚ್ಚಿಟ್ಟಿತ್ತು. ಶೀತದ ಎಷ್ಟೋ ಮಾತ್ರೆಗಳಲ್ಲಿ ಅಲರ್ಜಿಯ ಔಷಧಿ ಕ್ಲೋರ್‌ಫೆನಿರಮೈನ್ ಇರುತ್ತದೆ. ನಮ್ಮಂಥವರಿಗೆ ನಿದ್ದೆ ತರಿಸುತ್ತದೆ ಅಷ್ಟೆ. ವಯಸ್ಸಾದವರಿಗೆ ಬಾಯಿ ಒಣಗಿಸಿ, ಮಲ ಕಟ್ಟಿಸಿ, ಮೂತ್ರ ತಡೆದು, ಬುದ್ಧಿ ಮಂಕು ಮಾಡಬಲ್ಲದು. ವೃದ್ಧರಿಗೆ ಆದಷ್ಟು ಕೊಡಬಾರದ ಔಷಧಿಗಳದ್ದೇ ಒಂದು ಪಟ್ಟಿಯನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ ಮಾಡಿದರು. ಈ ಜಾತಿಯ ಮಾತ್ರೆಗಳು ಈಗಲೂ ಅದರಲ್ಲಿವೆ. ನಮ್ಮಲ್ಲಿ ಚೀಟಿ ಇಲ್ಲದೆ ಸಿಗುತ್ತವೆ.

ಡೈಪರ್ ಬಿಚ್ಚಿ ಮಗ್ಗುಲು ತಿರುಗಿಸಿದಾಗ ಸೊಂಟದ ಕೆಳಗಿನ ಮೂಳೆಯ ಮೇಲೆ ಇನ್ನೊಂದು ತೊಂದರೆ ಸಿಕ್ಕಿತು. ಮಲಗಿದ್ದಲ್ಲೇ ಒತ್ತಿ ಆಗುವ ಹುಣ್ಣು, ಬೆಡ್ ಸೋರ್, ಶುರುವಾಗುವಾಗ ಚರ್ಮ ಕೆಂಪಾಗುತ್ತದೆ, ಬೆರಳಿಂದ ಒತ್ತಿದರೂ ಬಿಳಿಚುವುದಿಲ್ಲ ಅಂತ ನಾವು ಓದಿದ್ದು. ಬಿಳಿ ಚರ್ಮ ನೋಡಿ ಬರೆದ ಮಾತದು. ನಮ್ಮ ಅಜ್ಜಿಯರ ಮೈಬಣ್ಣದಲ್ಲಿ ಆ ಕೆಂಪು ಎಲ್ಲಿ ಕಾಣಬೇಕು? ಅಂಗೈ ಹಿಂಬದಿ ಇಟ್ಟು ನೋಡಬೇಕು. ಸುತ್ತಲಿಗಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ, ಮುಟ್ಟಿದರೆ ನೋಯುತ್ತದಾ. ಬಿಸಿ ಇತ್ತು. ಬೆಡ್ ಸೋರ್ ಆಗುವ ಅಪಾಯ ಅಳೆಯಲು ಬ್ರೇಡನ್ ಸ್ಕೇಲ್ ಅಂತ ಒಂದಿದೆ, ಆರು ವಿಷಯಕ್ಕೆ ಅಂಕ ಕೊಡುತ್ತೇವೆ, ಸಾಮಾನ್ಯವಾಗಿ 18 ಅಥವಾ ಕಡಿಮೆ ಬಂದರೆ ಅಪಾಯ. ಒಳ್ಳೆಯ ಸಾಧನವೇ. ಆದರೆ ನಿನ್ನೆಯ 17 ನೋಡಿ ಇವತ್ತೂ 17 ಬರೆಯುವ ಕೈಗೆ ಯಾವ ಸ್ಕೇಲ್ ಕೊಟ್ಟು ಏನು? (ಹಿಮ್ಮಡಿ ಕೆಳಗೆ ನೀರು ತುಂಬಿದ ಗ್ಲೌಸ್ ಇಡುವ ನಮ್ಮ ಹಳೇ ಚಾಳಿಯನ್ನೂ ದಯವಿಟ್ಟು ಬಿಡೋಣ. ಮೀನಖಂಡದ ಕೆಳಗೆ ದಿಂಬು ಇಟ್ಟರೆ ಹಿಮ್ಮಡಿ ತಾನೇ ಗಾಳಿಯಲ್ಲಿರುತ್ತದೆ.)

ರಾತ್ರಿ ಒಬ್ಬಳಿಗೆ 28 ಬೆಡ್ ಇರುವಾಗ ಇದೆಲ್ಲ ಎಲ್ಲಿ ಸಾಧ್ಯ ಅಂತ ಕೇಳುತ್ತೀರಿ. ಸರಿ, ಆ ಜಗಳ ಬೇರೆ ಇದೆ, ಅದನ್ನೂ ಮಾಡಬೇಕು. ಕೇಂದ್ರ ಸರ್ಕಾರ 2010-11ರಲ್ಲೇ ವೃದ್ಧರ ಆರೋಗ್ಯಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿ, ಜಿಲ್ಲಾಸ್ಪತ್ರೆಗಳಲ್ಲಿ 10 ಹಾಸಿಗೆಯ ಪ್ರತ್ಯೇಕ ವಾರ್ಡ್ ಅಂದಿತು. ಹಾಸಿಗೆ ಎಣಿಸುವುದು ಸುಲಭ, ಅದರ ಪಕ್ಕ ನಿಲ್ಲುವವರನ್ನು ಯಾರು ಎಣಿಸುತ್ತಾರೆ? ಆದರೆ ನನ್ನ ಟಿಕ್ ತಪ್ಪಾಗಿದ್ದು ಸಮಯ ಇಲ್ಲದೆ ಅಲ್ಲ. "ಊಟ ಆಯ್ತಾ" ಕೇಳುವ ಹೊತ್ತಿನಲ್ಲೇ "ಹೋದ ವಾರ ಹೇಗಿದ್ರು" ಅಂತಲೂ ಕೇಳಬಹುದಿತ್ತು.

ಮನೆಯವರಿಗೂ ಒಂದು ಮಾತು. ಕಳೆದುಹೋಗುತ್ತೆ ಅಂತ ಕನ್ನಡಕ, ಕಿವಿ ಮಷೀನು, ಹಲ್ಲಿನ ಸೆಟ್ಟು ಎಲ್ಲ ಮನೆಯಲ್ಲಿಟ್ಟು ಬರುತ್ತೀರಿ. ಕಾಣದ, ಕೇಳದ, ಅಗಿಯಲಾಗದ ಮನುಷ್ಯರನ್ನು ಹೊಸ ಜಾಗದಲ್ಲಿ ಮಲಗಿಸಿದರೆ ಯಾರಿಗೆ ತಾನೇ ಗಲಿಬಿಲಿ ಆಗುವುದಿಲ್ಲ? ಒಂದು ಡಬ್ಬಿಗೆ ಹಾಕಿ, ಹೆಸರು ಬರೆದು ತನ್ನಿ. ಕೈ ಹಿಡಿದರೆ ಟಾಯ್ಲೆಟ್ಟಿಗೆ ನಡೆಯುವವರಿಗೆ ಡೈಪರ್ ಕೇಳಬೇಡಿ. ಅಜ್ಜಿಯ ಜೊತೆ ದಿನಾ ಇರುವವರು ಯಾರೋ, ಸೊಸೆಯೋ ಮೊಮ್ಮಗಳೋ ಕೆಲಸದಾಕೆಯೋ, ಅವರನ್ನು ಕರೆತನ್ನಿ. ಬರಲಾಗದಿದ್ದರೆ ಫೋನಾದರೂ ಹಚ್ಚಿ ಕೊಡಿ.

ಡೆಲಿರಿಯಂನಲ್ಲಿ ಚದುರುವ ಗಮನ ನಿಲ್ಲುತ್ತದಾ ಅಂತ ನೋಡಲು ತಿಂಗಳುಗಳನ್ನು ಹಿಂದಿನಿಂದ ಹೇಳಿಸುವ ಪದ್ಧತಿ ಇದೆ. ಹುಟ್ಟಿದ ದಿನಾಂಕ ಕೇಳಿ ಪ್ರಯೋಜನವಿಲ್ಲ, ಆಧಾರ್ ಪ್ರಕಾರ ನಮ್ಮ ಅರ್ಧ ವಾರ್ಡು ಜನವರಿ 1ಕ್ಕೇ ಹುಟ್ಟಿದೆ. ಡಿಸೆಂಬರ್, ನವೆಂಬರ್ ಆ ಅಜ್ಜಿಗೆ ಬಾರದು. ಮಾತ್ರೆ ನಿಲ್ಲಿಸಿ, ಹೊಟ್ಟೆ ಸಾಫಾಗಿ, ಕ್ಯಾತಿಟರ್ ತೆಗೆದ ನಾಲ್ಕನೇ ದಿನ ಅವರು ದಿಂಬಿಗೆ ಒರಗಿ ಕೂತಿದ್ದರು. "ಅಜ್ಜೀ, ಫಾಲ್ಗುಣದಿಂದ ಹಿಂದಕ್ಕೆ ಮಾಸ ಹೇಳಿ ನೋಡೋಣ" ಅಂದೆ.

"ಫಾಲ್ಗುಣ, ಮಾಘ, ಪುಷ್ಯ, ಮಾರ್ಗಶಿರ, ಕಾರ್ತಿಕ..." ಚೈತ್ರದ ತನಕ ಎಲ್ಲೂ ಎಡವಲಿಲ್ಲ. ಆಮೇಲೆ ನನ್ನ ಮುಖ ನೋಡಿ, "ಈಗ ನೀ ಹೇಳವ್ವ" ಅಂದರು.

ನಾನು ಫಾಲ್ಗುಣ ಆದಮೇಲೆ ಪುಷ್ಯ ಅಂದೆ. ಸೊಸೆ ಸೆರಗು ಬಾಯಿಗಿಟ್ಟು ನಕ್ಕರು.