ಆ 10 ಸೆಕೆಂಡಿನ ಗುಂಡಿ

ನಿನ್ನೆ ರಾತ್ರಿ ಒಂದು ದೊಡ್ಡ ಜಗಳ ಸ್ವಲ್ಪದರಲ್ಲಿ ತಪ್ಪಿತು. "ಯಾವ್ದಾದ್ರೂ ಒಳ್ಳೇ ಹಳೇ ಸಿನಿಮಾ ತೋರ್ಸು" ಅಂತ ಕಸಿನ್ ತಾನಾಗಿಯೇ ಕೇಳಿದ. ಇಂಥ ಮಾತಿಗೆ ನಾನು ಎಷ್ಟು ಬೇಗ ಕರಗುತ್ತೇನೆ ಅಂತ ನಿಮಗೆಲ್ಲ ಗೊತ್ತೇ ಇದೆ. '12 ಆ್ಯಂಗ್ರಿ ಮೆನ್' ಹಾಕಿದೆ. 1957ರದ್ದು, ಸಿಡ್ನಿ ಲುಮೆಟ್ ನಿರ್ದೇಶನ. ಇರುವುದೇ 96 ನಿಮಿಷ, ಹೆಚ್ಚು ಕಮ್ಮಿ ಪೂರ್ತಿ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಕೊಲೆ ಆರೋಪ ಹೊತ್ತ ಹುಡುಗ ಸಾಯಬೇಕಾ, ಉಳಿಯಬೇಕಾ ಅಂತ ಕೋರ್ಟಿನ ಜ್ಯೂರಿಯಲ್ಲಿ ಕೂತ 12 ಜನ ತೀರ್ಮಾನಿಸಬೇಕು. ಮೊದಲ ಸಲ ಕೈ ಎತ್ತಿದಾಗ 11 ಜನ ಒಂದು ಕಡೆ, ಒಬ್ಬನೇ ಇನ್ನೊಂದು ಕಡೆ.

ರಿಮೋಟ್ ಅವನ ಕೈಗೆ ಕೊಟ್ಟಿದ್ದು ನನ್ನ ತಪ್ಪು.

ಕೊನೆಗೆ ಬರುತ್ತಾ ಒಂದು ದೃಶ್ಯ ಇದೆ. ಒಬ್ಬ "ಅಂಥ ಜನಾನೇ ಹಾಗೆ" ಅನ್ನೋ ಧಾಟಿಯಲ್ಲಿ ವಿಷ ಕಾರಲು ಶುರುಮಾಡುತ್ತಾನೆ. ಯಾರೂ ವಾದ ಮಾಡುವುದಿಲ್ಲ. ಒಬ್ಬೊಬ್ಬರಾಗಿ ಮೇಜು ಬಿಟ್ಟು ಏಳುತ್ತಾರೆ, ಅವನಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಅವನ ದನಿ ತಾನಾಗಿಯೇ ಇಳಿಯುತ್ತದೆ. ಎಷ್ಟನೇ ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಸರಿಯಾಗಿ ಅಲ್ಲೇ ಒತ್ತಿದ ಮಹಾರಾಯ! 10 ಸೆಕೆಂಡ್ ಮುಂದಕ್ಕೆ. ಮತ್ತೆ 10. ಮತ್ತೆ 10. ಯಾಕೋ ಅಂದರೆ, "ಸುಮ್ನೆ ಎದ್ದು ನಿಲ್ತಿದಾರೆ ಅಷ್ಟೇ, ಏನೂ ಆಗ್ತಿಲ್ವಲ್ಲ!"

ಏನೂ ಆಗ್ತಿಲ್ವಂತೆ! ಸಿನಿಮಾ ಮುಂದೆ ಹೋದ ಹಾಗೆ ಲುಮೆಟ್ ಉದ್ದದ ಲೆನ್ಸ್‌ಗಳಿಗೆ ಹೋಗುತ್ತಾರೆ, ಕ್ಯಾಮೆರಾ ಕೆಳಗಿಳಿಸುತ್ತಾರೆ. ಗೋಡೆ ಹತ್ತಿರ ಬಂದಂತೆ, ಕೋಣೆ ಕುಗ್ಗಿದಂತೆ ಅನಿಸುವುದು ಅದಕ್ಕೇ. ನಿಮಗೇ ಗೊತ್ತಾಗದೆ ಉಸಿರು ಕಟ್ಟುತ್ತದೆ. ನೆಗೆನೆಗೆದು ಹೋದವನಿಗೆ ಆ ಸೆಕೆ ಎಲ್ಲಿಂದ ತಟ್ಟಬೇಕು?

"ಜನರಿಗೆ ಟೈಮಿಲ್ಲ, ದಣಿದಿರ್ತಾರೆ" ಅಂತ ಕೆಲವರು ಕಾಮೆಂಟ್ ಹಾಕುತ್ತೀರಿ, ಗೊತ್ತು. ಸರಿ, ಒಪ್ಪಿದೆ. ಅದೇ ದಣಿದ ಜನ ರಾತ್ರಿ ಎರಡು ಗಂಟೆ ರೀಲ್ಸ್ ಉಜ್ಜುತ್ತಾ ಇರ್ತಾರಲ್ಲ, ಆಗ ಟೈಮ್ ಎಲ್ಲಿಂದ ಬರುತ್ತೆ? ದಣಿದಿದ್ದರೆ ಮಲಗಿ. ಸಿನಿಮಾದ ಕೈಕಾಲು ಯಾಕೆ ಮುರಿಯುತ್ತೀರಿ?

ಇದು ಹಳೇ ಸಿನಿಮಾದ ಕಷ್ಟ ಮಾತ್ರ ಅಲ್ಲ. ಅಸ್ಗರ್ ಫರ್ಹಾದಿಯ 'ಎ ಸೆಪರೇಷನ್' 2011ರದ್ದು. ಮಗಳು ಅಪ್ಪನ ಜೊತೆ ಇರ್ತಾಳಾ, ಅಮ್ಮನ ಜೊತೆಯಾ? ಕೊನೆಯಲ್ಲಿ ಗಂಡ ಹೆಂಡತಿ ಕೋರ್ಟ್ ಕೋಣೆಯ ಹೊರಗೆ ಕಾಯ್ತಾ ಇರುತ್ತಾರೆ, ಅವರ ಮೇಲೇ ಸಿನಿಮಾದವರ ಹೆಸರುಗಳು ಓಡುತ್ತವೆ, ಉತ್ತರ ಬರುವುದೇ ಇಲ್ಲ. ಆ ಕಾಯುವಿಕೆಯನ್ನು ಹಾರಿಸಿದರೆ ಉಳಿಯೋದೇನು? ನಮ್ಮ 'ತಿಥಿ'ಯಲ್ಲಿ ಗಡ್ಡಪ್ಪ ಸುಮ್ನೆ ನಡೀತಾ ಇರ್ತಾನೆ. ಅವನನ್ನೂ 10 ಸೆಕೆಂಡ್ ಮುಂದಕ್ಕೆ ತಳ್ಳಿ, ಮಜಾ ನೋಡಿ. 2023ರ 'ಪರ್ಫೆಕ್ಟ್ ಡೇಸ್' ಬಗ್ಗೆ ಹೇಳೋದೇ ಬೇಡ. ಟಾಯ್ಲೆಟ್ ತೊಳೆಯುವವನ ದಿನಚರಿ ಅದು. ಆ ಗುಂಡಿ ಕೈಯಲ್ಲಿದ್ದರೆ ಕಾಲು ಗಂಟೆಯಲ್ಲಿ ಮುಗಿಸಬಹುದು.

ಇಷ್ಟೆಲ್ಲ ಕೂಗಾಡಿದ ಮೇಲೆ ಒಂದು ವಿಷಯ ಹೇಳಲೇಬೇಕು. ಕುರೊಸಾವಾ ಅವರ 'ಇಕಿರು' (1952) ನಾನು ಮೊದಲು ನೋಡಿದ್ದು ಡಿವಿಡಿಯಲ್ಲಿ. ಕ್ಯಾನ್ಸರ್ ಬಂದ ಸರ್ಕಾರಿ ಅಧಿಕಾರಿ, ಸಾಯುವ ಮುಂಚೆ ಮಕ್ಕಳಿಗೊಂದು ಆಟದ ಮೈದಾನ ಮಾಡಿಸಬೇಕು ಅಂತ ಹೊರಡುತ್ತಾನೆ. ಇದ್ದಕ್ಕಿದ್ದಂತೆ ಸತ್ತೇ ಹೋಗಿರುತ್ತಾನೆ. ಆಮೇಲೆ ಉದ್ದಕ್ಕೂ ಅವನ ಫೋಟೋ ಮುಂದೆ ಆಫೀಸಿನವರು ಕುಡಿಯುತ್ತಾ ಹರಟುತ್ತಾರೆ. ಹೀರೋನೇ ಇಲ್ಲ, ಇನ್ನೇನಿದೆ ಅಂತ ಓಡಿಸಿ ಮುಗಿಸಿದೆ. ಎಷ್ಟೋ ವರ್ಷ "ಚೆನ್ನಾಗಿದೆ, ಆದರೆ ಕೊನೆ ಸಪ್ಪೆ" ಅಂತ ದೊಡ್ಡದಾಗಿ ಹೇಳಿಕೊಂಡು ತಿರುಗಿದೆ.

ಒಂದು ದಿನ ಗೆಳೆಯರು ಅದರ ಉಯ್ಯಾಲೆ ದೃಶ್ಯದ ಬಗ್ಗೆ ಮಾತಾಡ್ತಾ ಇದ್ದರು. ಹಿಮ ಬೀಳ್ತಾ ಇರುತ್ತೆ, ಮುದುಕ ಒಬ್ಬನೇ ಉಯ್ಯಾಲೆ ಮೇಲೆ ಕೂತು ಹಾಡ್ತಾ ಇರ್ತಾನೆ ಅಂತ.

"ಯಾವ ಉಯ್ಯಾಲೆ?" ಅಂದೆ ನಾನು.

ಎಲ್ಲರೂ ನನ್ನ ಮುಖ ನೋಡಿದರು. ಅದು ಇದ್ದಿದ್ದು ನಾನು ಓಡಿಸಿದ ಆ ಹರಟೆಯ ನಡುವೆಯೇ, ನೆನಪಾಗಿ.

ಕಸಿನ್‌ಗೆ ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ಭಾನುವಾರ ಅವನಿಗೆ 'ಇಕಿರು' ತೋರಿಸ್ತೀನಿ. ರಿಮೋಟ್ ನನ್ನ ಹತ್ರ ಇರುತ್ತೆ.