ಒಂದು ದಿನ ಉಳಿಸುವ ಶೂರರು

ನೇಪಾಳದ ಲುಕ್ಲಾದಲ್ಲಿ, ಎವರೆಸ್ಟ್ ಕಡೆಯ ಚಾರಣಿಗರು ವಿಮಾನ ಹತ್ತಿ ಇಳಿಯುವ ಊರಲ್ಲಿ, ಕೂತಿದ್ದೇನೆ. ಮಂಜು. ವಿಮಾನ ಇಲ್ಲ. ಬೆಟ್ಟದಲ್ಲಿ ನಾನು ಎಷ್ಟು ನಿಧಾನ ಅಂತ ನಿಮಗೆಲ್ಲ ಗೊತ್ತೇ ಇದೆ, ಹಾಗಾಗಿ ಚೋ ಲಾ ಪಾಸ್ (ಬೆಟ್ಟಸಾಲು ದಾಟುವ ಎತ್ತರದ ದಾರಿ) ದಾಟಿದ ಕಥೆ ಬೇರೆ ದಿನ. ಇವತ್ತು ಸಿಟ್ಟಿದೆ, ಅದನ್ನೇ ಬರೆಯುತ್ತೇನೆ.

ಗೋಕ್ಯೋ ಕಣಿವೆ ಕಡೆಯಿಂದ ಬರುವವರು ಚೋ ಲಾ ಹತ್ತುವ ಹಿಂದಿನ ರಾತ್ರಿ ಡ್ರಗ್ನಾಗ್ ಅನ್ನುವ ಪುಟ್ಟ ಊರಲ್ಲಿ ಉಳಿಯುತ್ತಾರೆ. ಸುಮಾರು 4,700 ಮೀಟರ್ ಎತ್ತರ. ಲಾಡ್ಜ್‌ನಲ್ಲಿ ಕನ್ನಡ ಕೇಳಿಸಿತು, ಖುಷಿಯಾಯಿತು. ಆ ಖುಷಿ ಊಟದ ಹೊತ್ತಿನವರೆಗೆ ಮಾತ್ರ. ಅವರಲ್ಲೊಬ್ಬ ಹುಡುಗ ತಟ್ಟೆಯನ್ನೇ ಮುಟ್ಟಲಿಲ್ಲ. ಹೊರಗೆ ಹೋಗಿ ವಾಂತಿ ಮಾಡಿ ಬಂದು ತಲೆ ಹಿಡಿದು ಕೂತ. ಏನಪ್ಪಾ ಅಂತ ಕೇಳಿದರೆ, "ಸರ್, ಪ್ಲೀಸ್, ಗೈಡ್‌ಗೆ ಹೇಳ್ಬೇಡಿ, ಕೆಳಗೆ ಕಳಿಸಿಬಿಡ್ತಾರೆ" ಅಂದ. ನೋವಿನ ಮಾತ್ರೆ ನುಂಗಿಕೊಂಡೇ ಅಲ್ಲಿವರೆಗೆ ಬಂದಿದ್ದನಂತೆ. ಎತ್ತರಕ್ಕೆ ದೇಹ ಹೊಂದಿಕೊಳ್ಳಲಿ ಅಂತ ಕೆಳಗೆ ನಾಮ್ಚೆ ಊರಲ್ಲಿ ಒಂದು ದಿನ ನಿಂತಿರಾ ಅಂದೆ. ಪಕ್ಕದಲ್ಲಿದ್ದ ಲೀಡರ್ ಎದೆಯುಬ್ಬಿಸಿ ಹೇಳಿದ: "ಇಲ್ಲ ಸರ್, ಒಂದು ದಿನ ಸೇವ್ ಮಾಡಿದ್ವಿ. ನಾವೆಲ್ಲ ಮ್ಯಾರಥಾನ್ ಓಡೋರು."

ಸೇವ್ ಮಾಡಿದರಂತೆ! ಯಾವ ಬ್ಯಾಂಕಲ್ಲಿ ಇಡ್ತೀಯಪ್ಪಾ ಆ ದಿನಾನ?

ನಾನು ಗೈಡ್‌ಗೆ ಹೇಳಿದೆ. ಆತ ಹುಡುಗನನ್ನು ಎಬ್ಬಿಸಿ ನಡೆಸಿ ನೋಡಿದ, ಎರಡು ಪ್ರಶ್ನೆ ಕೇಳಿದ, ರಾತ್ರಿಯೇ ಹೆಡ್‌ಲ್ಯಾಂಪ್ ಕಟ್ಟಿಸಿ ಕೆಳಗೆ ಕರೆದುಕೊಂಡು ಹೋದ. ಉಳಿದವರು ನನ್ನ ಹತ್ತಿರ ಮಾತು ಬಿಟ್ಟರು. ಬಿಡಲಿ.

ಫಿಟ್‌ನೆಸ್ ಇದ್ದರೆ ಎತ್ತರ ಏನೂ ಮಾಡಲ್ಲ ಅನ್ನುವ ಈ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ. ಚೋ ಲಾ 5,420 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಅರ್ಧ ಮಾತ್ರ. ಮೇಲೆ ಹೋದಂತೆ ಉಸಿರಾಟ ಜಾಸ್ತಿಯಾಗುತ್ತದೆ, ಅದರಿಂದ ರಕ್ತದ ಗುಣವೇ ಸ್ವಲ್ಪ ಬದಲಾಗುತ್ತದೆ, ಅದನ್ನು ಸರಿದೂಗಿಸುವುದು ಮೂತ್ರಪಿಂಡಗಳ ಕೆಲಸ, ಅದಕ್ಕೆ ದಿನಗಳೇ ಬೇಕು. ನಿಮ್ಮ ಮ್ಯಾರಥಾನ್ ಮೆಡಲ್ ನೋಡಿ ಮೂತ್ರಪಿಂಡ ಅರ್ಜೆಂಟ್ ಮಾಡಲ್ಲ. ಗಟ್ಟಿ ಕಾಲಿನವರಿಗೆ ಅಪಾಯ ಇನ್ನೂ ಜಾಸ್ತಿ ಅಂತಲೇ ನನಗನಿಸುತ್ತದೆ, ಯಾಕಂದರೆ ಅವರು ಬೇಗ ಬೇಗ ಮೇಲೆ ಹೋಗಿಬಿಡುತ್ತಾರೆ. (ನನ್ನಂಥ ಆಮೆಗಳಿಗೆ ಆ ಸೌಭಾಗ್ಯ ಇಲ್ಲ. ನಿಜ ಹೇಳಬೇಕೆಂದರೆ ಆ ಹುಡುಗರು ದಾರಿಯಲ್ಲಿ ನನ್ನನ್ನು ದಾಟಿಕೊಂಡು ಓಡಿದಾಗ ಹೊಟ್ಟೆ ಉರಿದಿತ್ತು. ಈ ಬರಹದಲ್ಲಿ ಅದೂ ಸ್ವಲ್ಪ ಇರಬಹುದು.)

ನಿಯಮ ಕಷ್ಟದ್ದೇನಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು. ನಾಮ್ಚೆ 3,440 ಮೀಟರ್‌ನಲ್ಲಿದೆ. ಅಲ್ಲಿ ನಿಲ್ಲೋದು ಅಂದರೆ ಸುಮ್ನೆ ಹೊದ್ದು ಮಲಗೋದೂ ಅಲ್ಲ. ಬೆಳಿಗ್ಗೆ ಸ್ಯಾಂಗ್‌ಬೋಚೆ ಕಡೆ ಹತ್ತಿ, ಎವರೆಸ್ಟ್ ಕಂಡರೆ ನೋಡಿ, ಮಧ್ಯಾಹ್ನ ಇಳಿದು ಬಂದು ತಗ್ಗಿನಲ್ಲೇ ಮಲಗೋದು. ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ 1973ರಿಂದ ಇದನ್ನೇ ಹೇಳಿಕೊಂಡು ಬಂದಿದೆ, ಫೆರಿಚೆಯಲ್ಲಿ ಅವರ ಕ್ಲಿನಿಕ್ಕೇ ಇದೆ. ಆದರೂ ಮೊಂಜೊ ಗೇಟ್‌ನಲ್ಲಿ ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಪರ್ಮಿಟ್ ನೋಡುತ್ತಾರೆಯೇ ಹೊರತು, ಎಷ್ಟು ದಿನ ಇಟ್ಟುಕೊಂಡು ಬಂದಿದ್ದೀಯಾ ಅಂತ ಕೇಳಲ್ಲ.

"ರಜೆ ಸಿಗಲ್ಲ ಸರ್." ಗೊತ್ತಪ್ಪಾ. ನನಗೂ ಸಿಗಲ್ಲ. ಮ್ಯಾನೇಜರ್ ಮುಂದೆ ಹಲ್ಲು ಗಿಂಜಿಯೇ ನಾನೂ ಬಂದಿರೋದು. ಆದರೆ ರಜೆ ಕಡಿಮೆ ಅಂದರೆ ಪಾಸ್‌ಗಿಂತ ಎಷ್ಟೋ ತಗ್ಗಿನಲ್ಲಿರುವ ಟೆಂಗ್‌ಬೋಚೆವರೆಗೆ ಹೋಗಿ ಬನ್ನಿ, ಯಾರು ಬೇಡ ಅಂದರು? ಪಾಸ್ ದಾಟಲೇಬೇಕು, ದಿನ ಮಾತ್ರ ಕೊಡಲ್ಲ ಅಂದರೆ ಹೇಗೆ? ಡೈಮಾಕ್ಸ್ ಮಾತ್ರೆ ಇದೆಯಲ್ಲ ಅಂತ ಇನ್ನೊಬ್ಬ ಶುರು ಮಾಡಿದ. ಇದೆ. ದೇಹ ಹೊಂದಿಕೊಳ್ಳೋಕೆ ಅದು ಸಹಾಯ ಮಾಡುತ್ತದೆ, ನಿಲ್ಲಬೇಕಾದ ದಿನವನ್ನು ಮಾಫಿ ಮಾಡಲ್ಲ. ನೋವಿನ ಮಾತ್ರೆಯಂತೂ ತಲೆನೋವನ್ನು ಮುಚ್ಚಿಡುತ್ತದೆ ಅಷ್ಟೇ. ಮೆದುಳು ಊದಿಕೊಂಡರೆ ಕಾಲು ತಡವರಿಸುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬಿದರೆ ಕೂತಲ್ಲೇ ಉಸಿರು ಸಿಗಲ್ಲ. ಚೋ ಲಾದ ಆ ಕಡೆ ಹಿಮನದಿ, ಈ ಕಡೆ ಕಡಿದಾದ ಬಂಡೆರಾಶಿ. ಅಲ್ಲಿ ತಡವರಿಸಿ ನೋಡಿ.

ಇನ್ನು ಲಗೇಜ್ ಹೊರುವ ಪೋರ್ಟರ್‌ಗಳು. ಅವರೂ ಎಲ್ಲರೂ ಶೆರ್ಪಾಗಳಲ್ಲ, ಎಷ್ಟೋ ಜನ ತಗ್ಗಿನ ಹಳ್ಳಿಗಳಿಂದ ಬಂದವರು. ನೀವು ಓಡಿದರೆ ಅವರೂ ಓಡಬೇಕು, ತಲೆನೋವು ಅಂದರೆ ಕೂಲಿ ಹೋಗುತ್ತದೆ ಅನ್ನುವ ಭಯ. ನಿಮ್ಮ "ಸೇವಿಂಗ್ಸ್" ಅವರ ಬೆನ್ನ ಮೇಲೂ ಇರುತ್ತದೆ.

ತಮಾಷೆ ಏನು ಗೊತ್ತಾ? ಆ ಲೀಡರ್ ಮಹಾಶಯ ಈಗ ಇದೇ ಲುಕ್ಲಾದಲ್ಲಿ ವಿಮಾನಕ್ಕೆ ಕಾಯುತ್ತಾ ಕೂತಿದ್ದಾನೆ. ಉಳಿಸಿದ ದಿನ ಇಲ್ಲೇ ಖರ್ಚಾಗುತ್ತಿದೆ. ಹುಡುಗ ಕೆಳಗಿಳಿದ ಮೇಲೆ ಚೇತರಿಸಿಕೊಂಡನಂತೆ, ಅದೊಂದು ನೆಮ್ಮದಿ.

ಇನ್ಮೇಲೆ ನನ್ನ ಇನ್‌ಬಾಕ್ಸ್‌ಗೆ "ಅಣ್ಣ, ಪ್ಲಾನ್ ಒಂಚೂರು ನೋಡಿ ಹೇಳಿ" ಅಂತ ಕಳಿಸುವವರು ನಾಮ್ಚೆಯಲ್ಲಿ ಎರಡು ರಾತ್ರಿ ಹಾಕಿಯೇ ಕಳಿಸಿ. ಇಲ್ಲದಿದ್ದರೆ ನಾನು ಓದೋದೂ ಇಲ್ಲ.