ಮುದ್ದೆ ನುಂಗುವ ಮುಳ್ಳು

ಮೈಸೂರಿನ ಹಳೇ ಮನೆಗಳ ಅಟ್ಟದಿಂದ ಇಳಿಯುವ ರೆಕಾರ್ಡುಗಳಲ್ಲಿ ಎರಡು ಜಾತಿ. ತೊಳೆದರೆ ಸರಿಹೋಗುವಂಥವು ಒಂದು, ರೆಕಾರ್ಡಿಂಗ್ ಮಾಡುವಾಗಲೇ ಕೆಟ್ಟಂಥವು ಇನ್ನೊಂದು. ಎರಡನೆಯದರಲ್ಲಿ ಪಿಟೀಲು ಹಲ್ಲು ಕಡಿಯುತ್ತದೆ, ಮೃದಂಗ ಪಕ್ಕದ ಬೀದಿಯಲ್ಲೆಲ್ಲೋ ನುಡಿಯುತ್ತದೆ, ಭಾಗವತರು ಬಿಸ್ಕತ್ತಿನ ಡಬ್ಬದೊಳಗೆ ಕೂತು ಹಾಡುತ್ತಾರೆ. ಇದಕ್ಕೆ ಮದ್ದೆಂದು ಜನ ಮಾಡುವ ಮೊದಲ ಎಡವಟ್ಟು, ಸಾಲ ಮಾಡಿ ದುಬಾರಿ ಕಾರ್ಟ್ರಿಡ್ಜ್, ಅಂದರೆ ರೆಕಾರ್ಡಿನ ಗೀರಿನಲ್ಲಿ ಓಡುವ ಮುಳ್ಳನ್ನು ಹೊತ್ತ ಪುಟ್ಟ ಡಬ್ಬಿ, ತರುವುದು.

ಮೈಕ್ರೋಲೈನ್, ಶಿಬಾಟಾ ಮುಂತಾದ ತೆಳು ಅಂಚಿನ ಮುಳ್ಳುಗಳು ಅಕ್ಕಿಯಲ್ಲಿ ಕಲ್ಲು ಆರಿಸುವ ಸೋದರತ್ತೆಯಿದ್ದಂತೆ. ಇದ್ದಬದ್ದ ತಪ್ಪನ್ನೆಲ್ಲ ಹೆಕ್ಕಿ ನೆಂಟರ ಮುಂದೆ ಹರಡುತ್ತವೆ. ಕೋನಿಕಲ್, ಅಂದರೆ ಶಂಕುವಿನಾಕಾರದ ಮುಳ್ಳು ಹಾಗಲ್ಲ. ಅದು ಮಂಡ್ಯದ ಕಡೆ ಮುದ್ದೆ ಉಣ್ಣುವ ಕ್ರಮ: ಅಗಿಯುವ ಮಾತೇ ಇಲ್ಲ, ನುಂಗಿ ಮುಂದಕ್ಕೆ. ಅದರ ತುದಿ ಸುಮಾರು 15ರಿಂದ 18 ಮೈಕ್ರಾನ್ ತ್ರಿಜ್ಯದ ಗುಂಡು. ಗೀರಿನ ತೀರಾ ಸಣ್ಣ ಅಲೆಗಳೊಳಕ್ಕೆ ಅದು ಇಳಿಯಲಾರದು. ಅಲ್ಲಿರುವುದು ಬರೀ ಕರ್ಕಶವೇ ಆದಾಗ ಇಳಿಯದಿರುವುದೇ ಕ್ಷೇಮ.

ಆಡಿಯೋ ಟೆಕ್ನಿಕಾದ ವಿಎಂ95ಸಿ ಎಂಬ ಕೋನಿಕಲ್ ಕಾರ್ಟ್ರಿಡ್ಜ್ ಈ ಕೆಲಸಕ್ಕೆ ಸಾಕು. ಮುಳ್ಳು ಗೀರನ್ನು ಒತ್ತುವ ಭಾರ 2 ಗ್ರಾಂ. ಒಳ್ಳೇ ರೆಕಾರ್ಡು ಕೈಗೆ ಬಂದ ದಿನ ಅದೇ ಕಾರ್ಟ್ರಿಡ್ಜಿನ ಮೈಗೆ ಎಲಿಪ್ಟಿಕಲ್ (ಅಂಡಾಕಾರದ ತುದಿಯ) ಮುಳ್ಳು ಸಿಕ್ಕಿಸಿಕೊಳ್ಳಬಹುದು. ಡೆನಾನ್ ಡಿಎಲ್-103 ಹೆಸರು ಕೇಳಿ ಮನಸೋಲುವವರೂ ಉಂಟು. 1960ರ ದಶಕದಲ್ಲಿ ಜಪಾನಿನ ಎನ್‌ಎಚ್‌ಕೆ ಬಾನುಲಿಗಾಗಿ ಹುಟ್ಟಿದ್ದು, ಅದೂ ಕೋನಿಕಲ್ಲೇ, ಭಾರ 2.5 ಗ್ರಾಂ. ಆದರೆ ಕೊಡುವುದು 0.3 ಮಿಲಿವೋಲ್ಟ್ ಮಾತ್ರ. ಮಾಮೂಲಿ ಎಂಎಂ (ಮೂವಿಂಗ್ ಮ್ಯಾಗ್ನೆಟ್) ಫೋನೋಗೆ, ಅಂದರೆ ಕಾರ್ಟ್ರಿಡ್ಜಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆಗೆ ಸಿಕ್ಕಿಸಿದರೆ ಕಚೇರಿಯೆಲ್ಲ ಪಿಸುಮಾತಾಗುತ್ತದೆ. ಎಂಸಿ (ಮೂವಿಂಗ್ ಕಾಯಿಲ್) ಫೋನೋ, ತೂಕದ ಟೋನ್‌ಆರ್ಮ್ (ಕಾರ್ಟ್ರಿಡ್ಜ್ ಹೊರುವ ತೋಳು) ಎರಡೂ ಬೇಕು. ಮುದ್ದೆ ತಿನ್ನಲು ಬೆಳ್ಳಿತಟ್ಟೆ ತಂದ ಲೆಕ್ಕ.

ತಂದ ಮೇಲೆ ಕೂರಿಸುವ ಪಾಡು. ಎರಡು ಸ್ಕ್ರೂ, ನಡುವೆ 12.7 ಮಿಮೀ. ನಾಲ್ಕು ತಂತಿ: ಕೆಂಪು, ಹಸಿರು ಬಲ ಚಾನೆಲ್ಲಿಗೆ, ಬಿಳಿ, ನೀಲಿ ಎಡ ಚಾನೆಲ್ಲಿಗೆ. ಕಾರ್ಟ್ರಿಡ್ಜನ್ನು ಸರಿಯಾದ ಜಾಗಕ್ಕೆ ತಂದಾದ ಮೇಲೆ ಟೋನ್‌ಆರ್ಮ್ ಗಾಳಿಯಲ್ಲಿ ಮಟ್ಟಸ ತೇಲುವಂತೆ ಹಿಂದಿನ ಗುಂಡು ತಿರುಗಿಸಿ, ಡಯಲ್ ಸೊನ್ನೆಗಿಟ್ಟು, ಆಮೇಲೆ 2ಕ್ಕೆ ತರಬೇಕು. ಭಾರ ಕಮ್ಮಿ ಇಟ್ಟರೆ ರೆಕಾರ್ಡು ಸವೆಯದೆಂಬುದು ಭ್ರಮೆ. ಹಗುರಾದ ಮುಳ್ಳು ಗೋಡೆಯಿಂದ ಗೋಡೆಗೆ ಕುಪ್ಪಳಿಸಿ ಇನ್ನಷ್ಟು ಕೆಡಿಸುತ್ತದೆ. ಮುಳ್ಳು ಹಾರುತ್ತದೆಂದು ಕಾರ್ಟ್ರಿಡ್ಜಿನ ತಲೆಯ ಮೇಲೆ ನಾಲ್ಕಾಣೆ ಇಡುವ ಮನೆವೈದ್ಯ ಇನ್ನೂ ಘೋರ. ಸ್ಟೀಲಿನ ಆ ಬಿಲ್ಲೆಯೇ ಸುಮಾರು 2.8 ಗ್ರಾಂ, ಇದ್ದ ಭಾರದ ಮೇಲೆ ಇಷ್ಟು ಬಿದ್ದರೆ ಅದು ಉಳುಮೆ.

ಇಷ್ಟಾದರೂ ಪಿಟೀಲು ಕಿರುಚಿದರೆ ಕೇಬಲ್ ನೋಡಿ. ವಿಎಂ95ಸಿಗೆ ಫೋನೋ ಕಡೆಯಿಂದ 47 ಕಿಲೋಓಮ್ ತಡೆ, ಕೇಬಲ್ಲೂ ಫೋನೋವೂ ಸೇರಿ 100ರಿಂದ 200 ಪಿಕೋಫ್ಯಾರಡ್ ವಿದ್ಯುತ್ ಧಾರಕತೆ ಹಿತ. ಉದ್ದದ ಅಗ್ಗದ ಕೇಬಲ್ ಪಿಕೋಫ್ಯಾರಡ್ ಏರಿಸಿ, ಎಲ್ಲಿ ಮೊದಲೇ ಕರ್ಕಶವೋ ಅಲ್ಲೇ ಗುಡ್ಡ ಎಬ್ಬಿಸುತ್ತದೆ. ಮೋನೋ ರೆಕಾರ್ಡಾದರೆ ಆಂಪ್ಲಿಫೈಯರಿನ ಮೋನೋ ಗುಂಡಿ ಒತ್ತಿ. ಮುಳ್ಳು ಮೇಲೆ ಕೆಳಗೆ ಆಡುವುದರಿಂದ ಬರುವ ಸದ್ದು ಅಲ್ಲೇ ಕಳೆದುಹೋಗುತ್ತದೆ, ಬಿಡಿಗಾಸಿನ ಖರ್ಚಿಲ್ಲ.

ಅಟ್ಟದಲ್ಲಿ ನಿಮಿಷಕ್ಕೆ 78 ಸುತ್ತಿನ ಹಳೇ ಅರಗಿನ ತಟ್ಟೆ ಸಿಕ್ಕರೆ ಈ ಮುಳ್ಳು ತಾಗಿಸಬೇಡಿ. ಜಯಚಾಮರಾಜ ಒಡೆಯರು ಹಣಕೊಟ್ಟು ಲಂಡನ್ನಿನಲ್ಲಿ ಮಾಡಿಸಿದ, ರಷ್ಯಾದ ಸಂಗೀತಗಾರ ಮೆಡ್ಟ್‌ನರ್ ರೆಕಾರ್ಡುಗಳೂ ಆ ಕಾಲದವೇ. ಅವುಗಳ ಅಗಲದ ಗೀರಿಗೆ ಎಲ್‌ಪಿ ಮುಳ್ಳು ಬಾವಿಗೆ ಬಿದ್ದ ತಂಬಿಗೆ, ತಳದ ಕೆಸರನ್ನೇ ಕೆದಕುತ್ತಿರುತ್ತದೆ. ಅದಕ್ಕೆ ಸುಮಾರು 76 ಮೈಕ್ರಾನಿನ ವಿಎಂ95ಎಸ್‌ಪಿ ಮುಳ್ಳು ಬೇಕು, ಭಾರ 5 ಗ್ರಾಂ. ಇವನ್ನು ಸ್ಪಿರಿಟ್ಟಿನಲ್ಲಿ ಒರೆಸುವವರಿದ್ದಾರೆ. ಅರಗು ಕರಗಿ, ಹಾಡೆಲ್ಲ ಬಟ್ಟೆಗೆ ಬರುತ್ತದೆ.

ಕೋನಿಕಲ್ಲಿಗೂ ಒಂದು ಐಬಿದೆ. ಒಳಸುತ್ತಿಗೆ ಬಂದಂತೆ ಅಲೆಗಳು ಒತ್ತೊತ್ತಾಗಿ, ಗುಂಡು ತುದಿಗೆ ದಾರಿ ಸಿಗುವುದಿಲ್ಲ. ಎಲ್‌ಪಿಯ ಕಡೆಯ ದೇವರನಾಮದಲ್ಲಿ ಸ, ಶ, ಷ ಮೂರೂ ಒಂದೇ ಆಗಿ, ದಾಸರೇ ತೊದಲಿದಂತೆ ಕೇಳುತ್ತದೆ.